ಸೇವೆಯೋ, ಬಿಟ್ಟಿ ದುಡಿಮೆಯೋ? – ಅಮೆರಿಕದ ಕ್ಯಾಂಪ್ ಹೋಸ್ಟರನ್ನು ಕುರಿತು



ಕಳೆದ ತಿಂಗಳು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಪಾಡಿಯ ಹುಡುಗನೊಬ್ಬ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಅಮೆರಿಕದ ಯಾವುದೋ ಕಾಡಿನ ನಡುವೆ, ಎಪ್ಪತ್ತರ ಹತ್ತಿರದ ಗಂಡ ಹೆಂಡತಿ, ಮನೆಯಷ್ಟೇ ದೊಡ್ಡದಾದ ಒಂದು ಗಾಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು ಮಾತಾಡುತ್ತಿದ್ದರು. ಆಮೇಲೆ ಹೆಂಗಸು ಪೊರಕೆ, ಬಕೆಟ್ಟು ಹಿಡಿದು ಕಕ್ಕಸು ತೊಳೆಯಲು ಹೋದಳು. ಗಂಡಸು ಸಲಿಕೆ ಹಿಡಿದು ಬೆಂಕಿಗುಂಡಿಗಳ ಬೂದಿ ತೆಗೆದ. ಇದಕ್ಕೆ ಅವರಿಗೆ ಸಂಬಳ ಎಷ್ಟು ಎಂದು ನಮ್ಮಲ್ಲಿ ಒಬ್ಬರು ಕೇಳಿದರು. ಹುಡುಗ ನಕ್ಕು, "ಸಂಬಳವೇ ಇಲ್ಲ, ಗಾಡಿ ನಿಲ್ಲಿಸಲು ಜಾಗ ಮಾತ್ರ ಬಿಟ್ಟಿ" ಎಂದ.

ಅಷ್ಟಕ್ಕೇ ಅಲ್ಲಿ ಎರಡು ಪಕ್ಷವಾಯಿತು. ನಿವೃತ್ತಳಾದ ಒಬ್ಬ ತಾಯಿ, "ಪುಣ್ಯವಂತರು, ಮುಪ್ಪಿನಲ್ಲಿ ಊರೂರು ನೋಡಿಕೊಂಡು ನಾಲ್ಕು ಜನಕ್ಕೆ ಉಪಕಾರ ಮಾಡುತ್ತಿದ್ದಾರೆ" ಎಂದಳು. ಅವಳ ಮಗ, "ಪುಣ್ಯ ಎಲ್ಲಿ ಬಂತಮ್ಮ? ಕಕ್ಕಸು ತೊಳೆಯುವವನಿಗೆ ಕೊಡಬೇಕಾದ ಕೂಲಿಯನ್ನು ಸರ್ಕಾರ ಉಳಿಸಿಕೊಂಡಿದೆ, ಅಷ್ಟೇ" ಎಂದ. ನಮ್ಮ ಅಭಿಪ್ರಾಯ ಕೇಳಿದಾಗ ನಾವು ಆ ದಿನ ಏನೂ ಹೇಳಲಿಲ್ಲ. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ತೋರಿತು. ವಿಚಾರಿಸಿ, ಓದಿ, ಯೋಚಿಸಿದ ಮೇಲೆ ಈಗ ಬರೆಯುತ್ತಿದ್ದೇವೆ.

ಇವರು ಯಾರು?

ಅಮೆರಿಕದಲ್ಲಿ ಆರ್.ವಿ. ಎಂದು ಕರೆಯುವುದು ಮನೆಗಾಡಿಯನ್ನು. ಅದರೊಳಗೇ ಹಾಸಿಗೆ, ಒಲೆ, ಕಕ್ಕಸು, ನೀರಿನ ತೊಟ್ಟಿ ಎಲ್ಲ ಇರುತ್ತವೆ. ಕೆಲವು ಬಸ್ಸಿನಂತೆ ತಾನೇ ಓಡುತ್ತವೆ, ಕೆಲವನ್ನು ಜೀಪು ಅಥವಾ ಲಾರಿಯ ಹಿಂದೆ ಕಟ್ಟಿಕೊಂಡು ಎಳೆಯುತ್ತಾರೆ. ಕೆಲಸದಿಂದ ನಿವೃತ್ತರಾದ ಎಷ್ಟೋ ದಂಪತಿಗಳು ಇದರಲ್ಲಿಯೇ ದೇಶ ಸುತ್ತುತ್ತಾರೆ. ಬೇಸಗೆಯಲ್ಲಿ ಉತ್ತರದ ಬೆಟ್ಟಗಳಿಗೆ ಹೋಗಿ, ಚಳಿಗಾಲಕ್ಕೆ ಅರಿಜೋನ, ಟೆಕ್ಸಾಸ್, ಫ್ಲಾರಿಡದಂಥ ಬೆಚ್ಚಗಿನ ಸೀಮೆಗಳಿಗೆ ಇಳಿಯುತ್ತಾರೆ. ಹೀಗೆ ಹೋಗುವವರಿಗೆ ರಾತ್ರಿ ತಂಗಲು ರಾಷ್ಟ್ರೀಯ ಉದ್ಯಾನಗಳಲ್ಲಿ, ಸರ್ಕಾರಿ ಕಾಡುಗಳಲ್ಲಿ, ರಾಜ್ಯಗಳ ಉದ್ಯಾನಗಳಲ್ಲಿ ಬಿಡಾರದ ಮೈದಾನಗಳಿವೆ. ಇವನ್ನೇ ಕ್ಯಾಂಪ್‌ಗ್ರೌಂಡ್ ಎನ್ನುತ್ತಾರೆ. ಪ್ರತಿಯೊಂದು ಗಾಡಿಗೂ ಡೇರೆಗೂ ಗುರುತು ಹಾಕಿದ ಜಾಗ, ಒಂದು ಮೇಜು, ಒಂದು ಬೆಂಕಿಗುಂಡಿ ಇರುತ್ತವೆ. ರಾತ್ರಿಗೆ ಇಷ್ಟು ಡಾಲರ್ ಎಂದು ಬಾಡಿಗೆ ಇರುತ್ತದೆ. ಅನೇಕ ಕಡೆ 14 ದಿನಕ್ಕಿಂತ ಹೆಚ್ಚು ತಂಗಲು ಬಿಡುವುದಿಲ್ಲ.

ಇಂಥ ಮೈದಾನದ ಬಾಗಿಲ ಬಳಿಯ ಜಾಗದಲ್ಲಿ, 'ಹೋಸ್ಟ್' ಎಂಬ ಫಲಕ ನೆಟ್ಟು ಇಡೀ ಋತು ನೆಲಸುವವರೇ ಕ್ಯಾಂಪ್ ಹೋಸ್ಟರು, ಅಂದರೆ ಬಿಡಾರದ ಆತಿಥೇಯರು. ಬಂದವರಿಗೆ ಜಾಗ ತೋರಿಸುವುದು, ಬಾಡಿಗೆ ಕಟ್ಟಿದ ಚೀಟಿ ನೋಡುವುದು, ಸೌದೆ ಮಾರುವುದು, ಕಕ್ಕಸಿನಲ್ಲಿ ಕಾಗದ, ಸಾಬೂನು ಇದೆಯೇ ಎಂದು ನೋಡಿ ತೊಳೆಯುವುದು, ಹೋದವರು ಬಿಟ್ಟುಹೋದ ಕಸ ಹೆಕ್ಕುವುದು, ಬೂದಿ ತೆಗೆಯುವುದು ಇವರ ಕೆಲಸ. ರಾತ್ರಿ ಹತ್ತರ ಮೇಲೆ ಗದ್ದಲ ಮಾಡುವವರಿಗೆ ಮೆಲ್ಲನೆ ಹೇಳಬೇಕು. ಕರಡಿ ಇರುವ ಸೀಮೆಯಾದರೆ ತಿಂಡಿಯನ್ನು ಹೊರಗಿಡದೆ ಕಬ್ಬಿಣದ ಪೆಟ್ಟಿಗೆಯಲ್ಲಿಡಿ ಎಂದು ಬಂದವರಿಗೆಲ್ಲ ತಿಳಿಸಬೇಕು. ಸೌದೆಯನ್ನು ದೂರದಿಂದ ತರಬೇಡಿ ಎಂದೂ ಹೇಳಬೇಕು, ಏಕೆಂದರೆ ಸೌದೆಯೊಳಗೆ ಅಡಗಿ ಹೋಗುವ ಹುಳು ಕಾಡನ್ನೇ ಒಣಗಿಸುತ್ತದೆ. ಏಷ್ಯದಿಂದ ಬಂದ ಒಂದು ಹಸಿರು ಜೀರುಂಡೆ 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಕಂಡುಬಂದು, ಆಮೇಲೆ ಆ ದೇಶದ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಹೋಸ್ಟರಿಗೆ ದಂಡ ಹಾಕುವ, ಹಿಡಿಯುವ ಅಧಿಕಾರವಿಲ್ಲ. ಜಗಳವಾದರೆ ರೇಂಜರಿಗೆ ತಿಳಿಸಿ ಹಿಂದೆ ಸರಿಯಬೇಕು.

ಇದಕ್ಕೆ ಪ್ರತಿಯಾಗಿ ಸಿಗುವುದು ಬಾಡಿಗೆಯಿಲ್ಲದ ಜಾಗ, ವಿದ್ಯುತ್ತು, ನೀರು, ಕೊಳಚೆ ನೀರು ಹೋಗಲು ಕೊಳವೆ. ವಾರಕ್ಕೆ 20ರಿಂದ 30 ಗಂಟೆ ಕೆಲಸ ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಕೆಲವು ಕಡೆ ಅದು ದಂಪತಿಗೆ ಸೇರಿ, ಕೆಲವು ಕಡೆ ತಲೆಗೆ ಅಷ್ಟು. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಯಿದೆ ಹೇಳುವುದೇನು?

ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ 1916ರಲ್ಲಿ ಹುಟ್ಟಿತು. ಅದರ ಉದ್ಯಾನಗಳಲ್ಲಿ ಸ್ವಯಂಸೇವಕರನ್ನು ಇಟ್ಟುಕೊಳ್ಳಲು ಒಂದು ಕಾಯಿದೆ 1970ರಲ್ಲಿ ಜಾರಿಗೆ ಬಂತು. ಅರಣ್ಯ ಇಲಾಖೆಗೆ ಅಂಥದೇ ಕಾಯಿದೆ 1972ರಲ್ಲಿ ಆಯಿತು. ಉದ್ಯಾನಗಳ ಕಾಯಿದೆಯಲ್ಲಿ ಮೂರು ಸಂಗತಿಗಳು ನಮ್ಮ ಗಮನ ಸೆಳೆದವು.

ಮೊದಲನೆಯದು, ಸ್ವಯಂಸೇವಕರನ್ನು ಅಪಾಯದ ಕೆಲಸಕ್ಕೆ, ಪೊಲೀಸ್ ಕೆಲಸಕ್ಕೆ ಹಚ್ಚಬಾರದು. ಅಪಾಯದ ಕೆಲಸದಲ್ಲಿ ಪಳಗಿದವರಿಗೆ ಮಾತ್ರ ವಿನಾಯಿತಿ ಉಂಟು. ಎರಡನೆಯದು, ಸಂಬಳವಿಲ್ಲದಿದ್ದರೂ ಕೆಲಸದಲ್ಲಿ ಗಾಯವಾದರೆ ಸರ್ಕಾರಿ ನೌಕರನಿಗೆ ಸಿಗುವ ಪರಿಹಾರ ಅವರಿಗೂ ಸಿಗುತ್ತದೆ. ಬಸ್ಸಿನ ಖರ್ಚು, ಸಮವಸ್ತ್ರ, ವಸತಿಯಂಥ ಚಿಲ್ಲರೆ ವೆಚ್ಚಗಳನ್ನೂ ಕೊಡಬಹುದು. ಮೂರನೆಯದೇ ಮುಖ್ಯವಾದದ್ದು. ಸ್ವಯಂಸೇವಕನನ್ನು ತಂದು ಯಾವ ನೌಕರನ ಜಾಗವನ್ನೂ ಕಸಿಯಬಾರದು.

ಈ ಮೂರನೆಯ ಮಾತನ್ನು ಬರೆದವರಿಗೆ ದುಡಿಯುವ ಜನರ ಅನುಭವ ಇದ್ದಿರಲೇಬೇಕು. ಬಿಟ್ಟಿಯಾಗಿ ಕೆಲಸ ಮಾಡುವವನು ಒಬ್ಬ ಸಿಕ್ಕಿದರೆ ಸಂಬಳದವನು ಏತಕ್ಕೆ ಎಂಬ ಯೋಚನೆ ಯಾವ ಯಜಮಾನನ ತಲೆಗೂ ಬರುತ್ತದೆ. ಸರ್ಕಾರವೂ ಒಬ್ಬ ಯಜಮಾನನೇ.

ಫೆಡರಲ್ ಉದ್ಯಾನ, ಕಾಡುಗಳಲ್ಲಿ 250 ಗಂಟೆ ಸೇವೆ ಮಾಡಿದವರಿಗೆ ಒಂದು ವರ್ಷದ ಪ್ರವೇಶ ಪಾಸನ್ನು ಕೊಡುವ ಪದ್ಧತಿಯೂ ಇದೆ. ಇದನ್ನು ಕೂಲಿ ಎನ್ನಲಾಗದು, ಒಂದು ಕೃತಜ್ಞತೆಯ ಗುರುತು ಎನ್ನಬಹುದು.

ಒಂದು ಲೆಕ್ಕ

ಈಗ ಪೆನ್ಸಿಲು ಹಿಡಿದು ಲೆಕ್ಕ ಹಾಕೋಣ. ನಮ್ಮ ಜನಕ್ಕೆ ಚೆಕ್‌ರೋಲ್ ನೋಡಿ ಅಭ್ಯಾಸವಿದೆ, ಆದುದರಿಂದ ಇದು ಕಷ್ಟವಾಗದು.

ಅಮೆರಿಕದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಲ್ಲಿ ನಿಗದಿಯಾದದ್ದು, ಅಲ್ಲಿಂದ ಮೇಲೇರಿಲ್ಲ. ಅನೇಕ ರಾಜ್ಯಗಳು ತಮ್ಮದೇ ಆದ ಹೆಚ್ಚಿನ ಕೂಲಿಯನ್ನು ಗೊತ್ತು ಮಾಡಿವೆ, ಆ ಮಾತು ಬೇರೆ. ಬಿಡಾರದ ಜಾಗಕ್ಕೆ ರಾತ್ರಿಗೆ 30 ಡಾಲರ್ ಎಂದು ಹಿಡಿಯೋಣ. ವಾರಕ್ಕೆ 210 ಡಾಲರ್ ಆಯಿತು. ದಂಪತಿ ಇಬ್ಬರೂ ಸೇರಿ ವಾರಕ್ಕೆ 24 ಗಂಟೆ ದುಡಿದರೆ, ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅದು 174 ಡಾಲರ್. ಜಾಗದ ಬೆಲೆ ಕೂಲಿಗಿಂತ ಹೆಚ್ಚಾಯಿತು. ಇಲ್ಲಿ ಅವರಿಗೆ ನಷ್ಟವಿಲ್ಲ. ಆದರೆ ತಲೆಗೆ 24 ಗಂಟೆ ಎಂದು ಕೇಳಿದರೆ ಒಟ್ಟು 48 ಗಂಟೆ, 348 ಡಾಲರ್ ಆಗುತ್ತದೆ. ಅಲ್ಲಿ ವಾರಕ್ಕೆ 138 ಡಾಲರ್ ಬೆಲೆಯ ದುಡಿಮೆ ಬಿಟ್ಟಿಯಾಗಿ ಹೋಯಿತು. ಗಂಟೆಗೆ 15 ಡಾಲರ್ ಕೂಲಿ ಇರುವ ಕಡೆ ಲೆಕ್ಕ ಹಾಕಿದರೆ, 24 ಗಂಟೆಗೇ 360 ಡಾಲರ್ ಆಗಿ, ಮೊದಲನೆಯ ದಂಪತಿಯೂ ನಷ್ಟದಲ್ಲಿಯೇ ನಿಲ್ಲುತ್ತಾರೆ.

ಒಂದೇ ಫಲಕ, ಒಂದೇ ಪೊರಕೆ, ಒಂದೇ ಕಾಡು. ಗಂಟೆಯನ್ನು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಒಂದು ಕಡೆ ಉಪಕಾರ, ಇನ್ನೊಂದು ಕಡೆ ನಷ್ಟ. ಕನ್ನಡದಲ್ಲಿ 'ಬಿಟ್ಟಿ' ಎಂಬ ಮಾತಿಗೆ ಎರಡು ಮುಖಗಳಿವೆ. ಹಣ ಕೊಡದೆ ಸಿಕ್ಕಿದ್ದು ಬಿಟ್ಟಿ. ಕೂಲಿ ಕೊಡದೆ ಮಾಡಿಸಿಕೊಂಡ ಚಾಕರಿಯೂ ಬಿಟ್ಟಿ. ಬಿಟ್ಟಿ ಜಾಗ ಸಿಕ್ಕಿತೆಂದು ಸಂತೋಷಪಡುವವನು, ತಾನು ಬಿಟ್ಟಿ ಚಾಕರಿಗೆ ಸಿಕ್ಕಿಕೊಂಡಿದ್ದೇನೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಇಷ್ಟು ಹೇಳಿ, ಒಂದು ನ್ಯಾಯದ ಮಾತನ್ನೂ ಹೇಳಬೇಕು. ಎಲ್ಲವನ್ನೂ ಡಾಲರಿನಲ್ಲಿ ಅಳೆಯಲಾಗದು. ಮನೆ ಇದ್ದು, ಪಿಂಚಣಿ ಇದ್ದು, ಮಕ್ಕಳು ದೂರವಾಗಿ ಒಂಟಿತನದಿಂದ ಬೇಸತ್ತ ಹಿರಿಯರಿಗೆ ದಿನಾ ಹೊಸ ಮುಖಗಳೊಡನೆ ಮಾತು, ಬೆಳಗಿನ ಕಾಡಿನ ಗಾಳಿ, 'ನೀವು ಇದ್ದುದರಿಂದ ಒಳ್ಳೆಯದಾಯಿತು' ಎಂಬ ಒಂದು ಮಾತು ಇವೆಲ್ಲ ದೊಡ್ಡ ಸಂಪಾದನೆಯೇ. ಮುಪ್ಪಿನಲ್ಲಿ ತಾನು ಬೇಕಾದವನು ಎಂದು ತಿಳಿಯುವುದು ಔಷಧಿಗಿಂತ ಮಿಗಿಲು. ಆ ತಾಯಿ ಹೇಳಿದ ಪುಣ್ಯದ ಮಾತು ಸುಳ್ಳಲ್ಲ.

ಲಾಭದ ಅಂಗಡಿಯಲ್ಲಿ ಸೇವೆಯುಂಟೇ?

ಸರ್ಕಾರದ ಉದ್ಯಾನವಾದರೆ ಒಂದು ಮಾತು. ಅಮೆರಿಕದ ಸರ್ಕಾರಿ ಕಾಡುಗಳಲ್ಲಿ ಅನೇಕ ಮೈದಾನಗಳನ್ನು ಈಗ ಖಾಸಗಿ ಕಂಪೆನಿಗಳು ಗುತ್ತಿಗೆ ಹಿಡಿದು ನಡೆಸುತ್ತವೆ. ಪೂರ್ತಿ ಖಾಸಗಿಯಾದ ಆರ್.ವಿ. ಮೈದಾನಗಳೂ ಉಂಟು. ಅಲ್ಲಿಯೂ ಹೋಸ್ಟರಿದ್ದಾರೆ, ಬಾಗಿಲಲ್ಲಿ ಅದೇ ಫಲಕವಿದೆ. ನೋಡುವವರಿಗೆ ಎರಡೂ ಒಂದೇ. ಆದರೆ ಕಾನೂನಿನ ಕಣ್ಣಿಗೆ ಒಂದಲ್ಲ. ಅಮೆರಿಕದ 1938ರ ನ್ಯಾಯವಾದ ದುಡಿಮೆಯ ಮಟ್ಟಗಳ ಕಾಯಿದೆಯ ಪ್ರಕಾರ, ಲಾಭಕ್ಕಾಗಿ ನಡೆಯುವ ಖಾಸಗಿ ವ್ಯವಹಾರಕ್ಕೆ ಯಾರೂ 'ಸ್ವಯಂಸೇವಕ'ರಾಗಿ ದುಡಿಯುವಂತಿಲ್ಲ. ದುಡಿದರೆ ಕೂಲಿ ಕೊಡಬೇಕು. ವಸತಿಯ ನ್ಯಾಯವಾದ ಬೆಲೆಯನ್ನು, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಕೂಲಿಯಲ್ಲಿ ಸೇರಿಸಿ ಲೆಕ್ಕ ತೋರಿಸಬಹುದು, ಆದರೆ ಲೆಕ್ಕ ತೋರಿಸಲೇಬೇಕು. ಋತುಮಾನಕ್ಕೆ ಮಾತ್ರ ನಡೆಯುವ ಕೆಲವು ಮನರಂಜನೆಯ ಸ್ಥಳಗಳಿಗೆ ಈ ಕಾಯಿದೆಯಲ್ಲಿ ವಿನಾಯಿತಿಯೂ ಇದೆ. ಬೇಲಿ ಇದೆ, ಬೇಲಿಯಲ್ಲಿ ಕಂಡಿಯೂ ಇದೆ ಎಂದು ತಿಳಿಯಿರಿ.

ಇದೇ ಕಾಯಿದೆಯ ಮೇಲೆ 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪನ್ನು ಕ್ರೈಸ್ತರಾದ ನಾವು ಅಗತ್ಯವಾಗಿ ತಿಳಿದಿರಬೇಕು. ಅರ್ಕನ್ಸಾಸ್ ರಾಜ್ಯದಲ್ಲಿ ಟೋನಿ ಮತ್ತು ಸೂಸನ್ ಅಲಾಮೋ ಫೌಂಡೇಶನ್ ಎಂಬ ಒಂದು ಧಾರ್ಮಿಕ ಸಂಸ್ಥೆಯಿತ್ತು. ಅದು ಪೆಟ್ರೋಲು ಬಂಕು, ಬಟ್ಟೆ ಅಂಗಡಿ, ಹಂದಿ ಸಾಕಣೆ ಮುಂತಾದ ವ್ಯಾಪಾರಗಳನ್ನು ನಡೆಸುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಮಂದಿ ಕುಡಿತ, ಮಾದಕ ವಸ್ತು, ಅಪರಾಧಗಳಿಂದ ಬಿಡುಗಡೆ ಹೊಂದಿ ಬಂದವರು. ಅವರಿಗೆ ಕೈಗೆ ಸಂಬಳವಿಲ್ಲ, ಊಟ, ಬಟ್ಟೆ, ವಸತಿ ಮಾತ್ರ. ವಿಚಾರಣೆಯಲ್ಲಿ ಅವರೇ ಸಾಕ್ಷಿಕಟ್ಟೆಗೆ ಬಂದು, ನಾವು ದೇವರ ಸೇವೆಗಾಗಿ ದುಡಿಯುವ ಸ್ವಯಂಸೇವಕರು, ನಮಗೆ ಸಂಬಳದ ಮಾತೇ ಬೇಡ ಎಂದರು. ಆದರೂ ನ್ಯಾಯಾಧೀಶರು ಒಮ್ಮತದಿಂದ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟರು. ಊಟ ಮತ್ತು ವಸತಿಯನ್ನು ನೆಚ್ಚಿಕೊಂಡು ಒಬ್ಬನು ದುಡಿಯುತ್ತಿದ್ದರೆ ಅದು ಬೇರೆ ರೂಪದ ಸಂಬಳವೇ. ಸ್ವಇಚ್ಛೆಯಿಂದ ಮಾಡುತ್ತೇನೆ ಎಂದು ಹೇಳಿದವರಿಗೆಲ್ಲ ವಿನಾಯಿತಿ ಕೊಟ್ಟರೆ, ಬಲವುಳ್ಳ ಯಜಮಾನರು ಬಡವರ ಬಾಯಿಂದ ಆ ಮಾತನ್ನು ಹೇಳಿಸುತ್ತಾರೆ. ಇದು ಆ ತೀರ್ಪಿನ ಸಾರ.

ಇದನ್ನು ಓದಿದಾಗ ನಮಗೆ ಸ್ವಲ್ಪ ನಾಚಿಕೆಯೂ ಆಯಿತು. ದೇವರ ಹೆಸರು ಹೇಳಿದರೆ ಲೆಕ್ಕ ಕೇಳಬಾರದು ಎಂಬ ಅಭ್ಯಾಸ ನಮ್ಮಲ್ಲಿಯೂ ಇಲ್ಲವೇ?

ಮನೆ ಇಲ್ಲದವನ ಸ್ವಇಚ್ಛೆ

2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ಉಳಿತಾಯ ಕರಗಿತು. ಸರ್ಕಾರದ ವೃದ್ಧಾಪ್ಯ ಪಿಂಚಣಿಯೊಂದರಿಂದಲೇ ಮನೆ ಬಾಡಿಗೆ ಕಟ್ಟಲಾಗದ ಹಿರಿಯರು ಹಳೆಯ ವ್ಯಾನು, ಗಾಡಿ ಕೊಂಡು ಅದರಲ್ಲಿಯೇ ವಾಸಮಾಡತೊಡಗಿದರು. ಇವರನ್ನು ಕುರಿತು ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಎಂಬ ಪುಸ್ತಕ ಬರೆದರು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಆ ಪುಸ್ತಕದಲ್ಲಿ ಮುಖ್ಯವಾಗಿ ಬರುವ ಲಿಂಡಾ ಮೇ ಎಂಬ ಅಜ್ಜಿ, ಅರವತ್ತು ದಾಟಿದ ಮೇಲೆ, ಜೀಪಿನ ಹಿಂದೆ ಒಂದು ಪುಟ್ಟ ಹಳದಿ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯದ ಸಾನ್ ಬರ್ನಾರ್ಡಿನೋ ಬೆಟ್ಟದ ಕಾಡಿಗೆ ಕ್ಯಾಂಪ್ ಹೋಸ್ಟ್ ಕೆಲಸಕ್ಕೆ ಹೋಗುತ್ತಾಳೆ. ಅದು ಗುತ್ತಿಗೆಯ ಕಂಪೆನಿ ಕೊಡುವ ಗಂಟೆ ಲೆಕ್ಕದ ಕೂಲಿ ಕೆಲಸ. ಕೂಲಿ ಕೊಟ್ಟ ಗಂಟೆಗಿಂತ ಹೆಚ್ಚು ಗಂಟೆ ದುಡಿಸಿಕೊಂಡರು ಎಂದು ಅಂಥ ಹೋಸ್ಟರು ಕೆಲವರು ದೂರಿದ್ದನ್ನೂ ಆ ಪುಸ್ತಕ ದಾಖಲಿಸಿದೆ.

ಋತು ಮುಗಿದರೆ ಕೆಲಸ ಮುಗಿಯಿತು, ಕೆಲಸ ಮುಗಿದರೆ ಜಾಗ ಬಿಡಬೇಕು. ಈ ಮಾತನ್ನು ತೋಟದ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಮನೆಯನ್ನು ಕೆಲಸಕ್ಕೆ ಕಟ್ಟಿಹಾಕಿದರೆ, ಕೆಲಸಗಾರನ ನಾಲಗೆಯನ್ನೂ ಕಟ್ಟಿಹಾಕಿದಂತೆ. ಹೆಚ್ಚು ಗಂಟೆ ಮಾಡು ಎಂದಾಗ ಬೇಡ ಎನ್ನಲು ಧೈರ್ಯ ಬರುವುದಿಲ್ಲ, ಏಕೆಂದರೆ ರಾತ್ರಿ ಮಲಗುವ ಜಾಗ ಅದೇ. ನಿವೃತ್ತಿಯ ಕಾಗದ ಬಂದ ದಿನ ಪಾಡಿಯ ಮನೆ ಬಿಡುವುದು ಹೇಗೆ ಎಂದು ಕಣ್ಣೀರಿಟ್ಟವರನ್ನು ನಾವೆಲ್ಲ ನೋಡಿದ್ದೇವೆ.

ಆದುದರಿಂದ ನಾವು ಹೇಳುವುದಿಷ್ಟು. ಊರಲ್ಲಿ ಮನೆಯಿದ್ದು ಕಾಡಿಗೆ ಬಂದ ದಂಪತಿಯೂ, ಮನೆಯೇ ಇಲ್ಲದೆ ಕಾಡಿಗೆ ಬಂದ ಅಜ್ಜಿಯೂ ಒಂದೇ ಕಾಗದಕ್ಕೆ ಸಹಿ ಹಾಕಬಹುದು. ಮೊದಲನೆಯವರ ಸಹಿ ಸ್ವಇಚ್ಛೆ. ಎರಡನೆಯವಳದು ಸ್ವಇಚ್ಛೆ ಎಂದು ಕರೆಸಿಕೊಂಡ ಅಗತ್ಯ.

ನಾವು ಮಾಡಿದ ಒಂದು ತಪ್ಪು

ಇಲ್ಲಿಯವರೆಗೆ ದೂರದ ದೇಶದ ಮಾತಾಯಿತು. ಈ ವಿಷಯ ನಮ್ಮನ್ನು ಇಷ್ಟು ಕಾಡಿದ್ದೇಕೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇವೆ.

ಹಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ, ಪಾಡಿಯ ಚರಂಡಿ, ಕಕ್ಕಸುಗಳು ಗಲೀಜಾಗಿದ್ದುವೆಂದು, ನಾವು ಯುವಕರನ್ನು ಕೂಡಿಸಿಕೊಂಡು ಶನಿವಾರಗಳಲ್ಲಿ ಶ್ರಮದಾನ ಶುರುಮಾಡಿದೆವು. ಹಾಡು ಹೇಳಿಕೊಂಡು, ಕಾಫಿ ಕುಡಿದು, ಬಹಳ ಉತ್ಸಾಹದಿಂದ ಕೆಲಸ ನಡೆಯಿತು. ಎಲ್ಲರೂ ಹೊಗಳಿದರು. ಮೂರು ತಿಂಗಳಾದ ಮೇಲೆ ತಿಳಿಯಿತು, ಆ ಚರಂಡಿ ಕೆಲಸಕ್ಕೆಂದು ಚೆಕ್‌ರೋಲಿನಲ್ಲಿದ್ದ ಇಬ್ಬರು ಹೆಂಗಸರ ದಿನಗಳನ್ನು ಅರ್ಧಕ್ಕೆ ಇಳಿಸಿದ್ದರು. ಇಬ್ಬರೂ ನಮ್ಮ ಸಭೆಯವರೇ. ಅವರಲ್ಲಿ ಒಬ್ಬಳು ವಿಧವೆ. ಅವಳು ನಮ್ಮ ಬಾಗಿಲಿಗೆ ಬಂದು ಬೈಯಲಿಲ್ಲ. "ಅಣ್ಣಾ, ನಿಮ್ಮ ಕಾಣಿಕೆಯನ್ನು ನನ್ನ ಕೂಲಿಯಿಂದ ಹಾಕಿಬಿಟ್ಟಿರಲ್ಲ" ಎಂದಳು, ಅಷ್ಟೇ.

ನಾವು ಸಂಘದ ಮೂಲಕ ಹೋಗಿ ಮಾತಾಡಿದೆವು, ಶ್ರಮದಾನ ನಿಲ್ಲಿಸಿದೆವು. ಒಬ್ಬಳಿಗೆ ದಿನಗಳು ಮರಳಿ ಬಂದವು. ವಿಧವೆಯಾದವಳು ಅಷ್ಟರಲ್ಲಿ ಮಗಳ ಊರಿಗೆ ಹೊರಟುಹೋಗಿದ್ದಳು. ಅವಳಿಗೆ ನಾವು ಕೊಡಬೇಕಾದ ಬಾಕಿ ಇನ್ನೂ ಹಾಗೆಯೇ ಇದೆ. ಯಾವ ನೌಕರನ ಜಾಗವನ್ನೂ ಕಸಿಯಬಾರದು ಎಂಬ ಒಂದು ಸಾಲು ಅಂದು ನಮಗೆ ತಿಳಿದಿದ್ದರೆ, ಪೊರಕೆ ಹಿಡಿಯುವ ಮೊದಲು ಚೆಕ್‌ರೋಲ್ ನೋಡುತ್ತಿದ್ದೆವು.

ಅಮೆರಿಕದಲ್ಲಿಯೂ ಸ್ವಯಂಸೇವೆಯ ಮಿತಿ ಕಂಡ ದಿನಗಳಿವೆ. 2018ರ ಡಿಸೆಂಬರಿನಿಂದ 2019ರ ಜನವರಿಯವರೆಗೆ, ಬಜೆಟ್ ಜಗಳದಿಂದ, ಆ ದೇಶದ ಸರ್ಕಾರದ ಅನೇಕ ಇಲಾಖೆಗಳು 35 ದಿನ ಮುಚ್ಚಿದ್ದವು. ಉದ್ಯಾನದ ನೌಕರರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ಮನೆಯಲ್ಲಿದ್ದರು. ಕ್ಯಾಲಿಫೋರ್ನಿಯದ ಜೋಶುವಾ ಟ್ರೀ ಉದ್ಯಾನದಲ್ಲಿ ಊರಿನ ಜನ ತಾವಾಗಿ ಬಂದು ಕಸ ಹೊತ್ತರು, ಕಕ್ಕಸು ತೊಳೆದು ಕಾಗದ ಇಟ್ಟರು. ಒಳ್ಳೆಯ ಮನಸ್ಸಿನ ಕೆಲಸ, ಸಂಶಯವಿಲ್ಲ. ಆದರೂ ಕಕ್ಕಸಿನ ಗುಂಡಿಗಳು ತುಂಬಿಕೊಂಡು, 2019ರ ಜನವರಿ 2ರಂದು ಅಲ್ಲಿನ ಬಿಡಾರದ ಮೈದಾನಗಳನ್ನು ಮುಚ್ಚಬೇಕಾಯಿತು. ಗುಂಡಿ ಖಾಲಿ ಮಾಡಲು ಯಂತ್ರ ಬೇಕು, ಸಂಬಳದ ನೌಕರ ಬೇಕು. ಪೊರಕೆ ಹಿಡಿದ ಪ್ರೀತಿಯೊಂದರಿಂದ ಆಗುವ ಕೆಲಸವಲ್ಲ ಅದು. 2025ರ ಫೆಬ್ರವರಿಯಲ್ಲಿ ಉದ್ಯಾನ ಇಲಾಖೆಯ ಸುಮಾರು 1,000 ಹೊಸ ನೌಕರರನ್ನು ಒಮ್ಮೆಗೇ ತೆಗೆದುಹಾಕಿದಾಗ, ಇಂಥ ಪ್ರಶ್ನೆ ಮತ್ತೆ ಎದ್ದಿತು. ಮುಂದೆ ನ್ಯಾಯಾಲಯಗಳು ನಡುವೆ ಬಂದು ಮರಳಿ ಸೇರಿಸಿಕೊಳ್ಳಲು ಆಜ್ಞೆ ಮಾಡಿದವು. ಅಂಥ ಹೊತ್ತಿನಲ್ಲಿ ಹೋಸ್ಟ್ ಫಲಕ ನೆಟ್ಟುಕೊಂಡ ಹಿರಿಯರು, ತಾವು ತುಂಬುತ್ತಿರುವುದು ಯಾರ ಖಾಲಿ ಜಾಗವನ್ನು ಎಂದು ಕೇಳಿಕೊಳ್ಳುವುದು ನ್ಯಾಯ.

ಡೇರೆ ಹೊಲಿದವನ ಮಾದರಿ

ಹಾಗಾದರೆ ಬಿಟ್ಟಿ ಸೇವೆಯೇ ಬೇಡವೇ? ನಾವು ಹಾಗೆ ಹೇಳುವುದಿಲ್ಲ. ಹೇಳಿದರೆ ನಮ್ಮ ಬಾಯಿಗೆ ನಾವೇ ಮಣ್ಣು ಹಾಕಿಕೊಂಡಂತೆ. ಸಂಘದ ಚಂದಾ ಪುಸ್ತಕ ಹೊತ್ತು ಪಾಡಿಯಿಂದ ಪಾಡಿಗೆ ನಡೆಯುವ ನಾವು ಯಾರೂ ಸಂಬಳದವರಲ್ಲ.

ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ದಂಪತಿಯ ಮನೆಯಲ್ಲಿ ತಂಗಿ, ಅವರೊಡನೆ ಡೇರೆ ಹೊಲಿದು ಜೀವಿಸಿದನೆಂದು ಓದುತ್ತೇವೆ. ತನ್ನ ಕೈಯ ಕೆಲಸದಿಂದ ತನ್ನ ಊಟ ಸಂಪಾದಿಸಿದ ಕಾರಣದಿಂದಲೇ ಅವನು ಸುವಾರ್ತೆಯನ್ನು ಯಾರಿಗೂ ಭಾರವಾಗದೆ ಸಾರಬಲ್ಲವನಾದನು. ಆದರೂ ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಹಕ್ಕನ್ನು ಅವನು ಎಲ್ಲಿಯೂ ಬಿಟ್ಟುಕೊಡಲಿಲ್ಲ. ತನ್ನ ಮಟ್ಟಿಗೆ ಆ ಹಕ್ಕನ್ನು ಬಳಸಲಿಲ್ಲ, ಅಷ್ಟೇ. ಹಕ್ಕು ಇದ್ದು ಬಳಸದಿರುವುದು ದಾನ. ಹಕ್ಕೇ ಇಲ್ಲದವನಿಂದ ತೆಗೆದುಕೊಂಡದ್ದು ದಾನವಾಗದು.

ಕ್ಯಾಂಪ್ ಹೋಸ್ಟರ ವಿಷಯದಲ್ಲಿಯೂ, ನಮ್ಮ ತೋಟಗಳಲ್ಲಿ ನಾಳೆ ಯಾರಾದರೂ 'ಸ್ವಲ್ಪ ಸೇವೆ ಮಾಡಿರಪ್ಪಾ' ಎಂದು ಬಂದಾಗಲೂ, ಈ ಕೆಲವು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ.

ಈ ಕೆಲಸದ ಫಲ ಯಾರಿಗೆ, ಎಲ್ಲ ಜನಕ್ಕೋ, ಒಬ್ಬನ ಲಾಭಕ್ಕೋ?

ಎಷ್ಟು ಗಂಟೆ, ಯಾವ ಯಾವ ಕೆಲಸ ಎಂದು ಕಾಗದದ ಮೇಲೆ ಬರೆದಿದೆಯೇ? ತಲೆಗೋ, ಕುಟುಂಬಕ್ಕೋ?

ಗಾಯವಾದರೆ ನೋಡಿಕೊಳ್ಳುವವರು ಯಾರು?

ನಾಳೆ ಬೇಡ ಎಂದರೆ ನಮಗೆ ತಲೆ ಮೇಲೆ ಸೂರು ಉಳಿಯುತ್ತದೆಯೇ?

ನಾವು ಬರುವ ಮೊದಲು ಈ ಕೆಲಸವನ್ನು ಯಾರು ಮಾಡುತ್ತಿದ್ದರು? ಈಗ ಅವರು ಎಲ್ಲಿ?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕಿದರೆ ಸಂತೋಷದಿಂದ ಪೊರಕೆ ಹಿಡಿಯಿರಿ. ಕಕ್ಕಸು ತೊಳೆಯುವುದರಲ್ಲಿ ಅವಮಾನವಿಲ್ಲ. ಅದನ್ನು ದಿನಾ ತೊಳೆದು ಬದುಕುವವರ ಕೂಲಿಯನ್ನು ಕಳೆಯುವುದರಲ್ಲಿದೆ ಅವಮಾನ.

ಆ ಭಾನುವಾರ ವಾದಕ್ಕಿಳಿದ ತಾಯಿಗೂ ಮಗನಿಗೂ ನಾವು ಕೊಡುವ ಉತ್ತರ ಇದು. ತಾಯಿ ನೋಡಿದ್ದು ಆ ದಂಪತಿಯ ಮನಸ್ಸನ್ನು, ಅದು ಒಳ್ಳೆಯದೇ ಇರಬಹುದು. ಮಗ ನೋಡಿದ್ದು ಲೆಕ್ಕವನ್ನು, ಅದನ್ನು ಯಾರಾದರೂ ನೋಡಲೇಬೇಕು. ಕೊನೆಯ ಪ್ರಶ್ನೆಯನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ಆ ದಿನ ನಾವೂ ಕೇಳಲಿಲ್ಲ. ಮುಂದಿನ ಸಲ ಯಾವ ಕೆಲಸಕ್ಕಾಗಲಿ ಜನ ಕೂಡಿಸುವ ಮೊದಲು, ಆ ಕೆಲಸದವರನ್ನೇ ಮೊದಲು ಕರೆದು ಕೇಳೋಣ.